ನೀರಿನಿಂದ ಎತ್ತಿದ ಗುಡಿ

ಮಗಳಿಗೆ ಏಳನೇ ತರಗತಿಯ ಇತಿಹಾಸದಲ್ಲಿ ಈಜಿಪ್ಟ್ ಇತ್ತು. ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿರುವ ನಮ್ಮ ಮನೆಯಲ್ಲಿ ಆ ವರ್ಷವೆಲ್ಲ ಪಿರಮಿಡ್ಡು, ಮಮ್ಮಿಗಳದೇ ಮಾತು. ೨೦೧೭ರ ಡಿಸೆಂಬರ್ ರಜೆಗೆ ಬೆಂಗಳೂರಿನ ಬದಲು ಅಲ್ಲಿಗೇ ಹೋಗೋಣ ಎಂದು ಅವಳು ಹಟ ಹಿಡಿದಳು. ಮಾವ ತೀರಿಕೊಂಡ ಮೇಲೆ ನನ್ನ ಮತ್ತು ಗಂಡನ ಜೊತೆ ಇರಲು ಬಂದಿದ್ದ ಅತ್ತೆಯೂ ಹೊರಟರು.

"ಮನಿಯಾಗ ಒಬ್ಬಾಕಿನ ಕುಂತು ಏನ್ ಮಾಡ್ಲಿ?" ಎಂದರು. ಅವರದು ಕೃಷ್ಣಾ ನದಿಯ ದಂಡೆಯ ಊರು, ಬಾಗಲಕೋಟೆ ಕಡೆ. ಬೆಂಗಳೂರಿನಲ್ಲಿ ಅಷ್ಟು ವರ್ಷ ಸಂಸಾರ ಮಾಡಿದರೂ ಆ ಮಾತು ಬಿಟ್ಟಿರಲಿಲ್ಲ.

ನೈಲ್ ದಂಡೆಯ ಆಸ್ವಾನಿನಲ್ಲಿ ದೋಣಿ ಹತ್ತಿ, ನಡುಗಡ್ಡೆಯ ಮೇಲಿರುವ ಐಸಿಸ್ ದೇವಿಯ ಗುಡಿಗೆ ಹೋದೆವು. ನಮ್ಮ ಗೈಡ್ ನಡುವಯಸ್ಸಿನ ಹೆಂಗಸು. ಆಕೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಗಂಡನನ್ನು ಕಳೆದುಕೊಂಡ ದೇವಿ ಅವನ ದೇಹದ ತುಂಡುಗಳನ್ನು ಹುಡುಕುತ್ತ ಅಲೆದ ಕತೆ. ಮುಂದೆ ಬಂದ ಕ್ರೈಸ್ತರು ಗೋಡೆಯ ದೇವರುಗಳ ಮುಖವನ್ನು ಉಳಿಯಿಂದ ಕೆತ್ತಿ ಅಳಿಸಿ, ಇಲ್ಲೇ ಪ್ರಾರ್ಥನೆ ಮಾಡಿದ ಕತೆ. ಅತ್ತೆ ಹೂಂಗುಟ್ಟುತ್ತ, ಮಗುವಿಗೆ ಹಾಲೂಡಿಸುವ ದೇವಿಯ ಶಿಲ್ಪದ ಮುಂದೆ ಬಹಳ ಹೊತ್ತು ನಿಂತರು.

ಆಮೇಲೆ ಗೈಡ್, ಗುಡಿ ಮೊದಲು ಇದ್ದದ್ದು ಇಲ್ಲಲ್ಲ, ಪಕ್ಕದ ನಡುಗಡ್ಡೆಯಲ್ಲಿ ಎಂದಳು. ಅಣೆಕಟ್ಟು ಕಟ್ಟಿದ ಮೇಲೆ ವರ್ಷದ ಬಹುಪಾಲು ಅದು ನೀರಿನಲ್ಲೇ ನಿಲ್ಲುತ್ತಿತ್ತು, ಗೋಡೆಯ ಬಣ್ಣವೆಲ್ಲ ತೊಳೆದುಹೋಯಿತು. ಇನ್ನೂ ದೊಡ್ಡ ಅಣೆಕಟ್ಟು ಬಂದಾಗ ಸುತ್ತ ಒಡ್ಡು ಹಾಕಿ, ನೀರು ಖಾಲಿ ಮಾಡಿ, ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಇಲ್ಲಿ ಜೋಡಿಸಿದರು.

"ಗುಡಿ ಎತ್ತಿ ತಂದ್ರು, ಛಲೋ ಆತು," ಎಂದರು ಅತ್ತೆ. "ಮಂದಿ ಏನಾದ್ರಂತ ಕೇಳು."

ಕೇಳಿದೆ. ಗೈಡ್ ದಂಡೆಯಲ್ಲಿ ಕುಳಿತಿದ್ದ ನಮ್ಮ ದೋಣಿಯವನತ್ತ ಕೈತೋರಿದಳು. ಅವನ ಅಜ್ಜನ ಊರು ಅಣೆಕಟ್ಟಿನ ಆಚೆ ನೀರಿನ ತಳದಲ್ಲಿದೆ. ಅಲ್ಲಿನವರನ್ನೆಲ್ಲ ನೈಲ್ ನದಿಯಿಂದ ದೂರ ಒಯ್ದು ಬಿಟ್ಟರು.

"ಮತ್ತ ಮಣ್ಣು ಮಾಡಿದ ಜಾಗಾ?"

ಇದನ್ನು ಕೇಳುವಾಗ ನನಗೆ ಮುಜುಗರವಾಯಿತು. ಗೈಡ್ ಮಾತ್ರ ಮೆಲ್ಲಗೆ, ಗೋರಿಗಳು ಅಲ್ಲೇ ಉಳಿದವು, ಊರು ಬಿಡುವ ಮೊದಲು ಜನ ಅಲ್ಲಿಗೆ ಹೋಗಿ ಬೀಳ್ಕೊಂಡರು ಎಂದಳು.

"ಅವರಿಗರ ಹೇಳಿ ಬರಾಕ ಸಿಕ್ತು," ಎಂದು ಅತ್ತೆ ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟರು. "ನಂದೊಂದು ಕೂಸು ನೀರಾಗ ಐತಿ."

ಫೋಟೊ ತೆಗೆಯುತ್ತಿದ್ದ ಗಂಡ ಕ್ಯಾಮೆರಾ ಕೆಳಗಿಳಿಸಿದ. "ಏನವ್ವಾ? ಯಾವ ಕೂಸು?"

"ನಿನ್ನ ಅಕ್ಕ. ಜ್ವರ ಬಂದು ಹೋತು. ನೀ ಇನ್ನೂ ಹುಟ್ಟಿದ್ದಿಲ್ಲ. ನಮ್ಮ ಹೊಲದ ಬದುವಿನಾಗ ಮಣ್ಣು ಮಾಡಿದ್ವಿ."

ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಅವರ ಊರು ಮುಳುಗುವಾಗ ಅತ್ತೆ, ಮಾವ ಬೆಂಗಳೂರಿನಲ್ಲಿದ್ದರು. ಸುದ್ದಿ ತಿಳಿದು ಹೋಗುವಷ್ಟರಲ್ಲಿ ಹೊಲ ಕಾಣುತ್ತಿರಲಿಲ್ಲ. ಊರ ಗುಡಿಯ ಬಸವಣ್ಣನ ಮೂರ್ತಿಯನ್ನು ಮಾತ್ರ ಜನ ಹೊಸ ಊರಿಗೆ ಮೆರವಣಿಗೆಯಲ್ಲಿ ತಂದಿದ್ದರಂತೆ.

"ಇಷ್ಟು ವರ್ಷ ನನಗ್ಯಾಕೆ ಹೇಳ್ಲಿಲ್ಲ?" ಗಂಡನ ದನಿ ಏರಿತು. ಸುತ್ತಲಿದ್ದವರು ತಿರುಗಿ ನೋಡಿದರು.

"ನಿಮ್ಮಪ್ಪ ಬ್ಯಾಡಂದ್ರು. ಆಮ್ಯಾಲ ಬಾಯಿನ ಬರ್ಲಿಲ್ಲ."

"ಈಸ್ ಅಜ್ಜಿ ಓಕೆ?" ಮಗಳು ನನ್ನ ತೋಳು ಹಿಡಿದಳು.

ಬ್ರಿಸ್ಬೇನಿಗೆ ಬಂದ ಮೇಲೆ ಗಂಡ ಅಮ್ಮನ ಜೊತೆ ಅಗತ್ಯಕ್ಕಷ್ಟೇ ಮಾತಾಡತೊಡಗಿದ. ಕೋಪ ಯಾರ ಮೇಲೆ ಎಂದು ಅವನಿಗೂ ಗೊತ್ತಿರಲಿಲ್ಲ, ತೀರಿಹೋದ ಅಪ್ಪನ ಮೇಲೆಯೇ ಇರಬೇಕು. ಒಂದು ಭಾನುವಾರ ಸ್ನೇಹಿತರ ಮನೆಯ ಬಾರ್ಬೆಕ್ಯೂ ಕೂಟದಲ್ಲಿ ಹಿರಿಯರೊಬ್ಬರು, "ನೀವು ಒಬ್ನೇ ಮಗನಾ?" ಎಂದು ಕೇಳಿದರು. ಯಾವಾಗಲೂ ತಟ್ಟನೆ ಹೌದೆನ್ನುತ್ತಿದ್ದವನು ಕೈಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟ. ಆಮೇಲೆ, "ಅಕ್ಕ ಇದ್ಲು ಅಂಕಲ್," ಎಂದ. ಆಚೆ ಕುಳಿತಿದ್ದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮುಂದಿನ ವರ್ಷ ನಾವೆಲ್ಲ ಕೃಷ್ಣೆಯ ಆ ಹಿನ್ನೀರಿನ ದಂಡೆಗೆ ಹೋದೆವು. ಅತ್ತೆ ಕೈ ನೀಡಿ, "ಅಲ್ಲಿ," ಎಂದರು. ಸ್ವಲ್ಪ ಹೊತ್ತಿಗೆ, "ಅಲ್ಲ, ಈ ಕಡಿ ಇರಬೇಕು," ಎಂದರು. ಗುರುತಿಗೆ ಒಂದು ಮರವೂ ಇರಲಿಲ್ಲ. ಗಂಡ ಅವರು ತೋರಿದ ಕಡೆಗೆಲ್ಲ ತಿರುಗಿ ತಿರುಗಿ ನೋಡುತ್ತಿದ್ದ.