ಮೀಟರ್ ಮುಳ್ಳು ಮಾತ್ರ ಓಡಿತು

ಯಲ್ಲಾಪುರದ ಮೊಯಿನ್ ಸಾಬರ ಪಿಕಪ್‌ಗೆ ಮೂವತ್ತೆಂಟು ವರ್ಷ. ಒಂದೂವರೆ ಟನ್ ಹೊತ್ತರೂ ಏದುಸಿರು ಬಿಡದ ಗಾಡಿ. ಅದರ ದೋಷ ಒಂದೇ, ಗಂಟೆಗೆ ಐವತ್ತೈದು ಕಿಲೋಮೀಟರ್ ದಾಟಿದರೆ ಇಂಜಿನ್ ಅರಚುತ್ತಿತ್ತು.

ಚಂದಗುಳಿಯ ಎಲೆತೋಟದವರು ಹಿಂದಿನ ಸಂಜೆ ಕೊಯ್ದ ವೀಳ್ಯದೆಲೆಯನ್ನು ಸವಾಲಿಗೆ, ಅಂದರೆ ಹರಾಜಿಗೆ, ಕಳಿಸುವುದಿಲ್ಲ. ಬೆಳಕು ಹರಿದ ಮೇಲೆ ಕೊಯ್ದು, ಕಟ್ಟು ಕಟ್ಟಿ ಗಾಡಿಗೆ ಹಾಕುವಾಗ ಏಳೂಕಾಲು. ಹುಬ್ಬಳ್ಳಿಯಲ್ಲಿ ಸವಾಲು ಈ ವರ್ಷದಿಂದ ಒಂಬತ್ತರ ಬದಲು ಎಂಟೂವರೆಗೆ. ಮೊಯಿನ್ ತಲುಪುತ್ತಿದ್ದುದು ಎಂಟೂಮುಕ್ಕಾಲಿಗೆ.

"ಬಪ್ಪ ಸೋಮವಾರನೂ ತಪ್ಪಿದ್ರೆ ಆನು ನವೀನನ ಹೊಸ ಗಾಡಿಗೆ ಹಾಕ್ತೆ. ಸಿಟ್ಟು ಮಾಡಡ ಮೊಯಿನಣ್ಣ, ಎಲೆ ಕಾಯ್ತಿಲ್ಲೆ" ಎಂದಳು ತೋಟದ ರೋಹಿಣಿ. ಇಪ್ಪತ್ತು ವರ್ಷದಿಂದ ಅವಳ ಮನೆಯ ಎಲೆ ಹೊತ್ತವರು ಅವರು.

ಮೊಯಿನ್ ಮೊದಲು ಬ್ರೇಕ್ ಹೊಸದು ಮಾಡಿಸಿದರು. ಆಮೇಲೆ ಹಿಂದಿನ ಆಕ್ಸಲ್‌ನ ಗೇರು ಜೋಡಿ. ಅವರ ಗಾಡಿಯದು ನಲವತ್ತೊಂದು ಹಲ್ಲಿನ ದೊಡ್ಡ ಗೇರು, ಎಂಟು ಹಲ್ಲಿನ ಪಿನಿಯನ್ ಎಂಬ ಚಿಕ್ಕ ಗೇರು. ರೋಹಿಣಿಯ ಮಾತಿಗೂ ಮುಂಚೆಯೇ ನಾಲ್ಕು ತಿಂಗಳು ಗುಜರಿ ಅಂಗಡಿ ಅಲೆದು ಸಿರಸಿಯಲ್ಲಿ ಹತ್ತು ಹಲ್ಲಿನ ಪಿನಿಯನ್ ಇರುವ ಜೋಡಿ ಹುಡುಕಿದ್ದರು. ಅದನ್ನು ಹಾಕಿದರೆ ಅದೇ ಇಂಜಿನ್ ಓಟಕ್ಕೆ ಗಾಡಿ ಅರವತ್ತೊಂಬತ್ತು ಹೋಗುತ್ತದೆ. ಹೆಂಡತಿಯ ಹಳೆಯ ಹಸಿರು ಸೀರೆಯಲ್ಲಿ ಸುತ್ತಿ, ಹುಬ್ಬಳ್ಳಿ ರಸ್ತೆಯ ಒಂದು ಗ್ಯಾರೇಜಿಗೆ ಕೊಟ್ಟುಬಂದರು.

ಮೂರನೆಯ ದಿನ ಮೇಸ್ತ್ರಿ ಕೀಲಿ ಕೊಟ್ಟ. "ಹೊಡ್ಕೊಂಡು ಹೋಗ್ರಿ ಸಾಬ್ರ. ಈಗ ವಿಮಾನ ಆಗೈತಿ ನೋಡ್ರಿ!"

ಮುಳ್ಳು ನಿಜವಾಗಿಯೂ ಎಪ್ಪತ್ತರ ಹತ್ತಿರ ನಿಂತಿತು. ಆದರೆ ಮನೆಗೆ ಬಂದ ಮೊಯಿನ್ ಊಟಕ್ಕೆ ಕೂರಲಿಲ್ಲ.

"ಮುಳ್ಳು ಎಪ್ಪತ್ತು ಅಂತದೆ. ಇಂಜಿನ್ನು ಹಳೇ ಐವತ್ತೈದರ ದನೀನೇ ತೆಗೀತದೆ. ಇಬ್ರಲ್ಲಿ ಒಬ್ರು ಸುಳ್ಳು ಹೇಳ್ತಾರೆ."

"ಕೇಳಿದ್ರೆ ಆಯ್ತಲ್ಲ ಅಬ್ಬಾ" ಎಂದಳು ಮಗಳು ಸಮೀನಾ. ಅವಳು ಬಿಎಸ್ಸಿ ಓದಿದವಳು.

ಅವಳು ಕೇಳಿದ್ದು ರಸ್ತೆಯನ್ನು. ಮುಳ್ಳು ಅರವತ್ತೊಂಬತ್ತರಲ್ಲಿಟ್ಟು ಐದು ಕಿಲೋಮೀಟರ್ ಕಲ್ಲು ದಾಟಲು ಐದು ನಿಮಿಷ ಇಪ್ಪತ್ತೇಳು ಸೆಕೆಂಡ್ ಬೇಕಾಯಿತು. ಅಂದರೆ ಗಂಟೆಗೆ ಐವತ್ತೈದು. ಮನೆಯಂಗಳದಲ್ಲಿ ಜಾಕ್ ಕೊಟ್ಟು ಹಿಂದಿನ ಒಂದು ಚಕ್ರ ಎತ್ತಿದರು. ಟೈರಿಗೂ ನಡುವಿನ ಉದ್ದ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ ಚಕ್ರವನ್ನು ಇಪ್ಪತ್ತು ಸುತ್ತಿಸಿದರು. ಒಂದೇ ಚಕ್ರ ಎತ್ತಿದ್ದರಿಂದ ದೊಡ್ಡ ಗೇರು ತಿರುಗುವುದು ಅದರ ಅರ್ಧ, ಹತ್ತು ಸುತ್ತು. ಹೊಸ ಗೇರು ಇದ್ದರೆ ಶಾಫ್ಟ್ ನಲವತ್ತೊಂದು ಸುತ್ತಬೇಕು. ಅದು ಸುತ್ತಿದ್ದು ಐವತ್ತೊಂದೂಕಾಲು.

ಆಕ್ಸಲನ್ನು ಯಾರೂ ಬಿಚ್ಚಿಯೇ ಇರಲಿಲ್ಲ. ವೇಗದ ಮೀಟರಿಗೆ ಹೋಗುವ ಬೆರಳುದ್ದದ ಗೇರು ಮಾತ್ರ ಬದಲಾಗಿತ್ತು.

ಶನಿವಾರ ಬೆಳಿಗ್ಗೆ ಮೊಯಿನ್ ಗಾಡಿಯನ್ನು ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಲ್ಲಿಸಿ ಕೀಲಿ ಜೇಬಿಗೆ ಹಾಕಿಕೊಂಡರು.

"ಏನಾತ್ರಿ? ದುಡ್ಡು ವಾಪಸ್ ಬೇಕೇನ್ರಿ?"

"ದುಡ್ಡು ಯಾರಿಗೆ ಬೇಕು? ನನ್ನ ಹಸಿರು ಸೀರೆ ಎಲ್ಲಿ?"

ಚಹಾ ಕುಡಿಯುತ್ತಿದ್ದ ಲಾರಿ ಡ್ರೈವರುಗಳು ನಕ್ಕರು. ಮೇಸ್ತ್ರಿಯ ಕಣ್ಣು ಮಾತ್ರ ಬೆಂಚಿನ ಕೆಳಗೆ ಹೋಯಿತು. ಮೊಯಿನ್ ಬಗ್ಗಿ ಗಂಟು ಎಳೆದು ನೆಲದ ಮೇಲೆ ಬಿಚ್ಚಿದರು. ಗೇರು ಜೋಡಿ ಹಾಗೇ ಇತ್ತು.

"ಹಳೇ ಗಾಡಿ, ವಯಸ್ಸಾದ ಮನಷ್ಯಾ... ಜೋರ್ ಓಡಿಸೂದು ಬ್ಯಾಡ ಅಂತ..."

"ಹಳೇ ಗಾಡಿಯವನಿಗೆ ಕಿವಿಯೂ ಇರೋದಿಲ್ಲ ಅಂತ ತಿಳ್ಕೊಂಡ್ಯಾ?" ಮೊಯಿನ್ ಪಿನಿಯನ್ ಎತ್ತಿ ಅವನ ಮುಖದೆದುರು ಹಿಡಿದರು. "ನಾಲ್ಕು ತಿಂಗಳು ಅಲೆದಿದ್ದು ನಿನ್ನ ಬೆಂಚಿನ ಕೆಳಗಿಡೋಕಲ್ಲ. ಬಿಚ್ಚು ಆಕ್ಸಲು. ಈಗ, ನನ್ನೆದುರು."

ಡ್ರೈವರುಗಳ ನಗು ನಿಂತಿತ್ತು. ಅವರಲ್ಲೊಬ್ಬ ತಾನೇ ಜಾಕ್ ತಂದುಕೊಟ್ಟ. ಹೊಸ ಪಿನಿಯನ್ ಕೂರಿಸುವ ಮುನ್ನ ಮೊಯಿನ್ ಪ್ರತಿ ಹಲ್ಲಿಗೂ ಸೀಮೆಸುಣ್ಣ ಹಚ್ಚಿ ಗಟ್ಟಿಯಾಗಿ ಎಣಿಸಿದರು. ಹತ್ತು. ಕೆಲಸ ಮುಗಿಯುವಾಗ ಸಂಜೆಯಾಗಿತ್ತು. ಅಲ್ಲಿಯವರೆಗೆ ಅವರು ಅಲ್ಲಿಯ ಚಹಾ ಮುಟ್ಟಲಿಲ್ಲ.

ಸೋಮವಾರ ಎಂಟು ಇಪ್ಪತ್ತೇಳಕ್ಕೆ ಫೋನ್ ಮಾಡಿದರು. "ರೋಹಿಣಕ್ಕಾ, ಎಲೆ ಕೆಳಗಿಳೀತು. ಸವಾಲು ಇನ್ನೂ ಶುರು ಆಗ್ಲಿಲ್ಲ."

"ಹಂಗಾರೆ ನವೀನಂಗೆ ಬರಡ ಹೇಳ್ತೆ. ಎಲೆ ನಿನ್ನ ಗಾಡಿಗೇ."

ಈಗಲೂ ದಿನಾ ಬೆಳಿಗ್ಗೆ ಆ ಗ್ಯಾರೇಜಿನ ಎದುರು ಹಾದುಹೋಗುವಾಗ ಮೊಯಿನ್ ಸಾಬರು ಹಾರ್ನ್ ಮೇಲಿನ ಕೈ ತೆಗೆಯುವುದಿಲ್ಲ. ಮೇಸ್ತ್ರಿ ತಲೆ ಎತ್ತುವುದಿಲ್ಲ.