ಹುಚ್ಚಯ್ಯನ ಮೊಮ್ಮಗಳ ಗರಗಸದ ಗುಂಡಿ

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಮೊದಲ ಬಸ್ಸು ಇನ್ನೂ ಹಾರ್ನ್ ಹೊಡೆದಿಲ್ಲ. ಮರಿಮಲ್ಲಪ್ಪನವರ ಸಾಮಿಲ್ಲಿನ ಹಿತ್ತಲಲ್ಲಿ ಆಗಲೇ ಗರಗಸದ ಸದ್ದು ಎದ್ದಿದೆ. ಆಳುದ್ದದ ಒಂದು ಗುಂಡಿ, ಅದರ ಮೇಲೆ ಅಡ್ಡ ತೊಲೆಗಳು, ತೊಲೆಗಳ ಮೇಲೆ ಎಮ್ಮೆಯಂತೆ ಮಲಗಿರುವ ಹಲಸಿನ ದಿಮ್ಮಿ. ದಿಮ್ಮಿಯ ಬೆನ್ನ ಮೇಲೆ ಸೀರೆಯನ್ನು ಕಚ್ಚೆ ಕಟ್ಟಿ, ಬರಿಗಾಲಲ್ಲಿ ನಿಂತವರು ಚಿಕ್ಕನಿಂಗಮ್ಮ. ಗುಂಡಿಯ ಒಳಗೆ, ತಲೆಗೆ ಟವೆಲ್ ಸುತ್ತಿಕೊಂಡು ಅವರ ಗಂಡ ಪುಟ್ಟಮಾದು. ಇಬ್ಬರ ನಡುವೆ ಒಂದೇ ಉದ್ದನೆಯ ಗರಗಸ. ಮೇಲಿನವರು ಎತ್ತಬೇಕು, ಕೆಳಗಿನವರು ಎಳೆಯಬೇಕು.

"ನಿದ್ದೆಗಣ್ಣಲ್ಲಿ ಎಳೀತಿದ್ದೀಯಾ? ಗೆರೆ ಬುಟ್ಟು ಓಯ್ತಾ ಅದ ನೋಡು!" ಎಂದು ಮೇಲಿನಿಂದ ಗದರಿಕೆ.

"ಗೆರೆ ಕಾಣಾದು ನಿಂಗೆ ಕಣಮ್ಮಿ, ನಂಗೆ ಕಾಣಾದು ನಿನ್ನ ಕಾಲುಂಗ್ರ ಒಂದೇಯ! ನೀನು ಯೋಳ್ದಂಗೆ ಎಳಿಯೋನು ನಾನು" ಎಂದು ಕೆಳಗಿನಿಂದ ಕೆಮ್ಮಿನ ಜೊತೆ ಉತ್ತರ.

ಕರೆಂಟಿನ ಗರಗಸ ಮುಂದುಗಡೆಯೇ ಇರುವಾಗ ಇದೇಕೆ ಎಂದು ಯಾರಿಗಾದರೂ ಅನಿಸೀತು. ಸಂತೆಮರಹಳ್ಳಿ ಕಡೆಯ ರೈತ ನೀಲಕಂಠಸ್ವಾಮಿಯವರ ಹೊಲದಲ್ಲಿ ಅವರ ಅಜ್ಜನ ಕಾಲದ ಹಲಸಿನ ಮರ ಈ ಆಷಾಢದ ಗಾಳಿಗೆ ಉರುಳಿತು. ಅದರಲ್ಲಿ ಒಂಟಿ ಹಲಗೆಯ ಬಾಗಿಲು ಮಾಡಿಸಬೇಕೆಂದು ಅವರ ಆಸೆ. ದಿಮ್ಮಿಯನ್ನು ಲಾರಿಯಲ್ಲಿ ತಂದರೆ, ಅದರ ದಪ್ಪಕ್ಕೆ ಮಿಲ್ಲಿನ ಮಿಷನ್ನಿನ ಬಾಯಿ ಸಾಲಲಿಲ್ಲ. ಆಗ, ಕೆಲಸ ಕೇಳಿಕೊಂಡು ಮಿಲ್ಲಿಗೆ ಬಂದಿದ್ದ ಚಿಕ್ಕನಿಂಗಮ್ಮ ಮುಂದೆ ಬಂದು, "ಗುಂಡಿ ತೋಡಕೆ ಜಾಗ ಕೊಡಿ ಬುದ್ಧಿ, ಕುಯ್ದು ಕೊಡ್ತೀವಿ" ಎಂದರು. ಮಿಲ್ಲಿನ ಯಜಮಾನರು ಒಪ್ಪಿದರು, ಒಂದು ಕರಾರು ಹಾಕಿ: "ಹಲಗೆ ನೆಟ್ಟಗೆ ಬಂದ್ರೆ ಗುಂಡಿನೂ ಇರ್ಲಿ, ನೀವೂ ಇರಿ. ಸೊಟ್ಟಗಾಯ್ತೋ, ಆ ಜಾಗ ನಂಗೆ ಸೌದೆ ಒಟ್ಟಕ್ಕೆ ಬೇಕು."

ಇರುವುದೋ ಹೊರಡುವುದೋ ಎಂಬುದು ಈ ಮನೆಗೆ ಸಣ್ಣ ಮಾತಲ್ಲ. ಇಲ್ಲಿ ಕೆಲಸವಿಲ್ಲವೆಂದರೆ ಗಂಟು ಮೂಟೆ ಕಟ್ಟಿ ಕೇರಳದ ಬತ್ತೇರಿ ಕಡೆಗೆ ಗಡಿ ದಾಟಬೇಕು. ಮಗಳು ಕುಮಾರಿ ಈಗ ಏಳನೆಯ ಕ್ಲಾಸು. ಇದುವರೆಗೆ ಒಂದು ಶಾಲೆಯಲ್ಲಿ ಸೇರಿದ ಕ್ಲಾಸನ್ನು ಅದೇ ಶಾಲೆಯಲ್ಲಿ ಮುಗಿಸಿದವಳಲ್ಲ. "ಮಲಯಾಳದಲ್ಲಿ ಮಗ್ಗಿ ಯೋಳು ಅಂದ್ರೆ ಯೋಳ್ತಾಳೆ, ಕನ್ನಡದಲ್ಲಿ ಕೇಳಿದ್ರೆ ತಡವರಿಸ್ತಾಳೆ. ಇವಳ್ನ ಇನ್ನೆಷ್ಟು ಕಡೆ ಎಳ್ಕೊಂಡು ಓಗನ?" ಎನ್ನುತ್ತಾರೆ ತಾಯಿ.

ಗುಡಿಸಲು ಮಡಚಿ ನಡೆಯುವುದು ಈ ವಂಶಕ್ಕೆ ಅಂಟಿದ್ದು ಚಿಕ್ಕನಿಂಗಮ್ಮನ ತಾತ ಹುಚ್ಚಯ್ಯನಿಂದ. ಮಹಾರಾಜರ ಕಾಲದಲ್ಲಿ ರೈಲುದಾರಿಯ ಸ್ಲೀಪರಿಗೆ ಮರ ಬೇಕೆಂದು ಕಂತ್ರಾಟುದಾರರು ಆಳುಗಳನ್ನು ಕೂಗಿದಾಗ, ಚಾಮರಾಜನಗರದ ಮಗ್ಗುಲ ಹಳ್ಳಿಯಿಂದ ಹುಚ್ಚಯ್ಯ ಅಣ್ಣನ ಜೊತೆ ಬಂಡೀಪುರದ ಕಾಡು ಹೊಕ್ಕ. ಒಂದು ಕಡೆಯ ಮರ ತೀರಿದರೆ ಇನ್ನೊಂದು ಕಡೆ. ಮೋಯಾರಿನ ದಂಡೆ, ವಯನಾಡಿನ ಇಳಿಜಾರು, ಮತ್ತೆ ಇತ್ತ. ಹೆಂಗಸರ ತಲೆ ಮೇಲೆ ಮಡಕೆ, ಗಂಡಸರ ಹೆಗಲ ಮೇಲೆ ಗೋಣಿ ಸುತ್ತಿದ ಗರಗಸ. ಮಕ್ಕಳು ಹುಟ್ಟಿದ್ದಕ್ಕೆ ಊರಿನ ಗುರುತಿಲ್ಲ, ಆಗ ಕೊಯ್ಯುತ್ತಿದ್ದ ಮರದ ಗುರುತು. "ನಮ್ಮಪ್ಪ ಮತ್ತಿ ಮರದಲ್ಲಿ ಉಟ್ದೋನಂತೆ, ಅತ್ತೆ ಒನ್ನೆ ಮರದಲ್ಲಿ. ನೀನು ಯಾವೂರವ್ವ ಅಂದ್ರೆ ನಾನೇನು ಯೋಳ್ಲಿ?" ಎಂದು ನಗುತ್ತಾರೆ ಚಿಕ್ಕನಿಂಗಮ್ಮ.

ಅಣ್ಣ ಜ್ವರದಲ್ಲಿ ತೀರಿಕೊಂಡಾಗ ಹುಚ್ಚಯ್ಯನಿಗೆ ಗರಗಸದ ಜೋಡಿ ತಪ್ಪಿತು. ಒಬ್ಬನೇ ಕೊಯ್ಯಲಾಗದು. ಆತ ಹೆಂಡತಿ ಚಿಕ್ಕಬಸಮ್ಮನನ್ನು ಕರೆದು ದಿಮ್ಮಿ ಹತ್ತಿಸಿದ. ಧೂಳು ಬೀಳುವ ಗುಂಡಿಗೆ ತಾನಿಳಿದ, ಮಸಿದಾರದಲ್ಲಿ ಎಳೆದ ಗೆರೆ ಕಾಯುವ ಜಾಗ ಅವಳಿಗೆ ಬಿಟ್ಟ. ಹೆಂಡತಿ ಕಾಲಡಿ ನಿಂತವನೆಂದು ಮರ ಕಡಿಯುವ ಕೂಪಿನವರೆಲ್ಲ ಆಡಿಕೊಂಡರು. "ಅದಕ್ಕೆ ತಾತ, 'ನಿಮ್ಮ ಹಲಗೆ ತನ್ನಿ, ನಮ್ಮ ಹಲಗೆ ತತ್ತೀವಿ, ಪಕ್ಕಪಕ್ಕ ಮಡಗಿ ನೋಡನ' ಅಂದ್ನಂತೆ. ಒಬ್ರೂ ತರ್ಲಿಲ್ಲ ಕಣವ್ವ!" ಅಲ್ಲಿಂದ ಈ ಮನೆಯಲ್ಲಿ ಮೇಲೆ ಹೆಂಗಸು, ಕೆಳಗೆ ಗಂಡಸು.

ಹುಚ್ಚಯ್ಯನದು ಇನ್ನೊಂದು ಕಟ್ಟಳೆಯೂ ಉಂಟು. ಒಮ್ಮೆ ಕೊಯ್ತ ಮುಗಿಸಿ ಮುಚ್ಚದೆ ಬಿಟ್ಟ ಗುಂಡಿಗೆ ಆನೆಮರಿಯೊಂದು ಬಿತ್ತು. ತಾಯಾನೆ ಬಂದು ಗುಡಿಸಲುಗಳನ್ನು ಪುಡಿಮಾಡಿತು. ಮಕ್ಕಳನ್ನು ಕಂಕುಳಲ್ಲಿ ಅವುಚಿಕೊಂಡು ಎಲ್ಲರೂ ಮರ ಹತ್ತಿ ಕುಳಿತರು. ಮರಿ ಹೇಗೋ ಮೇಲೆದ್ದು ಹೋಯಿತು. ಅಂದಿನಿಂದ, ಕೊಯ್ತ ಮುಗಿದರೆ ಗುಂಡಿ ಮುಚ್ಚದೆ ಯಾರೂ ಅನ್ನದ ತಟ್ಟೆ ಮುಟ್ಟುವಂತಿಲ್ಲ.

ಹೊತ್ತು ನೆತ್ತಿಗೆ ಬರುತ್ತದೆ. ದಿಮ್ಮಿಯನ್ನು ನಡುವೆ ಸೀಳುವ ಕೊಯ್ತ ನಿನ್ನೆಯೇ ಮುಗಿದಿದೆ. ಇವತ್ತಿನದು ಹಲಗೆ ಬಿಡಿಸುವ ಕೊಯ್ತ. ಕೊನೆಯ ಗೇಣುದ್ದ ಉಳಿದಾಗ ನೀಲಕಂಠಸ್ವಾಮಿ ಬಂದು ನಿಲ್ಲುತ್ತಾರೆ, ಮರಿಮಲ್ಲಪ್ಪ ಬಂದು ನಿಲ್ಲುತ್ತಾರೆ. ಮುಂದುಗಡೆಯ ಮಿಷನ್ನು ನಿಲ್ಲಿಸಿ ಆಳುಗಳೆಲ್ಲ ಹಿತ್ತಲಿಗೆ ಬರುತ್ತಾರೆ. ಚಿಕ್ಕನಿಂಗಮ್ಮ ಈಗ ಬೈಯುವುದೂ ಇಲ್ಲ. ಕಣ್ಣು ಮಸಿಗೆರೆಯ ಮೇಲೆ, ಕಾಲಿನ ಹೆಬ್ಬೆರಳು ಗೆರೆಯ ಪಕ್ಕ. ಸರ್ರ್... ಸರ್ರ್... ಗರಗಸ ಹಗುರಾಗುತ್ತದೆ. "ಬುಡು!" ಎನ್ನುತ್ತಾರೆ. ಬೆಣೆಗೆ ಒಂದು ಏಟು, ಇನ್ನೊಂದು ಏಟು. ಹಲಗೆ ಸಿಡಿದು ಬೇರೆಯಾಗಿ ನಿಲ್ಲುತ್ತದೆ. ಆಗ ತಾನೆ ಒಡೆದ ಅರಿಶಿನದ ಕೊಂಬಿನ ಬಣ್ಣ!

ನೀಲಕಂಠಸ್ವಾಮಿ ದಾರ ಹಿಡಿದು ಈ ತುದಿಯಿಂದ ಆ ತುದಿಗೆ ನೋಡುತ್ತಾರೆ. ದಾರಕ್ಕೂ ಹಲಗೆಗೂ ನಡುವೆ ಎಲ್ಲೂ ಬೆಳಕು ನುಸುಳುವುದಿಲ್ಲ. "ಅಬ್ಬಬ್ಬಾ, ಬಾಗ್ಲು ಬುಡಿ, ಇದಕ್ಕೆ ಪೂಜೆ ಮಾಡ್ಬೋದು ಕಣ್ರಿ!" ಎಂದು ಕೂಗುತ್ತಾರೆ. ಆಳುಗಳ ಶಿಳ್ಳೆಗೆ ರಸ್ತೆಯಲ್ಲಿ ಹೋಗುವವರೂ ಇಣುಕುತ್ತಾರೆ. ಹಲಗೆಯನ್ನು ಹೊತ್ತುಕೊಂಡು ಎಲ್ಲರೂ ಮುಂಬಾಗಿಲಿಗೆ ಹೋಗುತ್ತಾರೆ. ಕಾಫಿಗೆ ಹೇಳಿ ಮರಿಮಲ್ಲಪ್ಪನೂ ಹಿಂದೆಯೇ ಹೋಗುತ್ತಾರೆ.

ಒಂದೆರಡು ಗಂಟೆ ಕಳೆದ ಮೇಲೆ ಅವರು ಹಿಂದಕ್ಕೆ ಬರುವುದು ಓಡುತ್ತಲೇ. "ಚಿಕ್ಕನಿಂಗಮ್ಮಾ, ನೀಲಕಂಠಸ್ವಾಮಿ ತಮ್ಮಂದೂ ಎರಡು ದಿಮ್ಮಿ ನಾಳೆ ಬತ್ತವಂತೆ! ಗುಂಡಿ ಇರ್ಲಿ, ನೀವೂ..." ಎನ್ನುತ್ತ ಬಂದವರು ಅಲ್ಲೇ ನಿಲ್ಲುತ್ತಾರೆ. "ಅಯ್ಯೋ, ಗುಂಡಿ ಎಲ್ಲಮ್ಮಾ?"

ಗುಂಡಿ ಇಲ್ಲ. ಗಂಡಹೆಂಡಿರಿಬ್ಬರೂ ಸೇರಿ ಉಳಿದ ಮರವನ್ನು ಪಕ್ಕಕ್ಕೆ ಉರುಳಿಸಿ, ಹೊಟ್ಟು, ಮಣ್ಣು ತುಂಬಿ, ತುಳಿದು, ಸಮ ಮಾಡಿ, ಕೈ ತೊಳೆದು, ಅದರ ಮೇಲೆಯೇ ಊಟಕ್ಕೆ ಕುಳಿತಿದ್ದಾರೆ.

ಚಿಕ್ಕನಿಂಗಮ್ಮನ ಕೈಯ ತುತ್ತು ಕೈಯಲ್ಲೇ. "ಥೂ, ಕುಯ್ತ ಮುಗೀತಲ್ಲ ಅಂತ... ಮುಚ್ಬುಟ್ಟೋ ಬುದ್ಧಿ!"

"ಗುಂಡ್ಲುಪೇಟೆ ಪೇಟೇಲಿ ಯಾವ ಆನೆಮರಿ ಬೀಳ್ತಿತ್ತು ಅಂತೀನಿ?" ಎಂದು ಪುಟ್ಟಮಾದು ಹೆಂಡತಿಯನ್ನು ಕಿಚಾಯಿಸುತ್ತಾರೆ.

"ನೀನು ಬಿದ್ದಿದ್ರೆ ಯಾರು ಎತ್ತೋರು, ಮುಚ್ಕೊಂಡು ಉಣ್ಣು!"

ಮರಿಮಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗು ಆ ಹಿತ್ತಲಿನಿಂದ ಮಿಲ್ಲಿಗೆ, ಮಿಲ್ಲಿನಿಂದ ಎದುರಿನ ಟೀ ಅಂಗಡಿಗೆ ಹಬ್ಬುತ್ತದೆ.

ಮಾರನೆಯ ದಿನ ಬೆಳಗ್ಗೆ ಮೊದಲ ಬಸ್ಸಿನ ಹಾರ್ನಿಗೂ ಮುಂಚೆ ಹಿತ್ತಲಲ್ಲಿ ಹಾರೆಯ ಸದ್ದು. ಮೆದು ಮಣ್ಣು, ಕೆಲಸ ಬೇಗ ಸಾಗುತ್ತಿದೆ. ಕುಮಾರಿ ಚೀಲ ತಗುಲಿಸಿಕೊಂಡು ಶಾಲೆಯ ಕಡೆ ಹೊರಟಿದ್ದಾಳೆ. ತಾಯಿ ಸೊಂಟಕ್ಕೆ ಕೈಯಿಟ್ಟು, ಅವಳು ತಿರುವು ದಾಟುವವರೆಗೂ ನೋಡುತ್ತಾರೆ.

ಇನ್ನೇನು ಬೇಕು ಎಂದು ಕೇಳಿದರೆ, "ಗುಂಡಿ ಮ್ಯಾಲೆ ಒಂದು ತಗಡಿನ ಶೀಟು ಆಕ್ಸಿ ಕೊಟ್ರೆ ಸಾಕು, ಮಳೆನೀರು ತುಂಬ್ಕಳ್ದಂಗೆ" ಎನ್ನುತ್ತಾರೆ. ಆಮೇಲೆ ಹಾರೆಗೆ ಗಲ್ಲ ಊರಿ, ಅರ್ಧ ತೋಡಿದ ಗುಂಡಿಯನ್ನು ಬಗ್ಗಿ ನೋಡುತ್ತಾರೆ. ಬೆವರಿದ ಮುಖದ ತುಂಬ ನಗು.

"ನಮ್ಮ ತಾತ ಕಾಡೆಲ್ಲ ಗುಂಡಿ ತೋಡ್ದ. ಒಂದೇ ಜಾಗದಲ್ಲಿ ಎರಡು ಸಲ ಎಲ್ಲೂ ತೋಡ್ಲಿಲ್ಲ. ನಾನು ತೋಡ್ತಾ ಇವ್ನಿ ಕಣವ್ವ!"