ಶೋರೂಮಿನ ಮೇಜಿನ ಮೇಲೆ ಸತ್ತ ಲ್ಯಾಪ್‌ಟಾಪ್

ನಮ್ಮ ಸೋದರತ್ತೆಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನಗೂ ಅದೇ ಮೂಗು ಬಂದಿದೆ. ಹಾಗಾಗಿ ನಾನು ಯಾರ ಪರ ಎಂದು ಕೇಳಬೇಡಿ.

ಅತ್ತೆ ದರ್ಜಿ. ಅಂಗಡಿಯ ರೆಡಿಮೇಡ್ ಬಟ್ಟೆ ಯಾರ ಮೈಗೆ ಒಗ್ಗುವುದಿಲ್ಲವೋ ಅವರೇ ಅವಳ ಗಿರಾಕಿಗಳು: ಒಂದು ಭುಜ ಇಳಿದವರು, ಗೂನು ಬೆನ್ನಿನವರು, ಗಾಲಿಕುರ್ಚಿಯವರು. ಒಬ್ಬೊಬ್ಬರಿಗೂ ಕಂದು ಕಾಗದದಲ್ಲಿ ಬೇರೆಯದೇ ಮಾದರಿ ಕತ್ತರಿಸಿ ಗೋಡೆಗೆ ತೂಗುಹಾಕುತ್ತಿದ್ದಳು. ಗೋಡೆ ತುಂಬಿದ ಮೇಲೆ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಲ್ಯಾಪ್‌ಟಾಪಿಗೆ ಹಾಕಿಸಿದಳು. ಕಾಗದ ದಂಡವಾಗಬಾರದಲ್ಲ? ಹೊಲಿದ ಬಟ್ಟೆಯನ್ನು ಅದರಲ್ಲೇ ಸುತ್ತಿ ಗಿರಾಕಿಗಳಿಗೆ ಕೊಟ್ಟುಬಿಟ್ಟಳು. ಚೂರು ಬಟ್ಟೆಯನ್ನೂ ಎಸೆಯದ ದರ್ಜಿ ಮಾತ್ರ ಮಾಡುವ ತಪ್ಪು ಅದು.

ವಾರಂಟಿ ಮುಗಿದದ್ದೇ ತಡ, ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. ಅದೇ ಹೊತ್ತಿಗೆ ಅವಳ ಹಳೆಯ ಗಿರಾಕಿ, ಪುಸ್ತಕಕ್ಕೆ ಬೈಂಡು ಹಾಕುವ ಮುದುಕನಿಗೆ ಮಗಳ ಮದುವೆಗೆ ಕೋಟು ಬೇಕಿತ್ತು; ಅವನ ಮಾದರಿಯೂ ಅದರೊಳಗೇ ಇತ್ತು. ಅವನ ಬೆನ್ನು ಕೊಂಕಿದೆ. ಹೊಸದಾಗಿ ಅಳತೆ ತೆಗೆಯಲು ಕುರ್ಚಿಯಿಂದ ಎತ್ತಿ ನಿಲ್ಲಿಸಿದರೆ ನೋವಿಗೆ ಚೀರುತ್ತಾನೆ. ದಿನಾ ಹೆದರಿಕೊಂಡು ಫೋನ್ ಮಾಡಿ, "ನನ್ನ ಎಬ್ಬಿಸಿ ನಿಲ್ಲಿಸ್ತೀಯೇನಮ್ಮಾ?" ಎಂದು ಕೇಳುತ್ತಿದ್ದ.

ಓಣಿಯ ರಿಪೇರಿಯವರು ಆ ಕಂಪನಿಯದಕ್ಕೆ ಕೈ ಹಾಕುವುದಿಲ್ಲ ಎಂದು ಜಾರಿಕೊಂಡರು. ಮಾರಿದ ಶೋರೂಮಿನ ಮ್ಯಾನೇಜರ್ ಮುಚ್ಚಳವನ್ನೂ ಎತ್ತಲಿಲ್ಲ.

"ವಾರಂಟಿ ಮುಗಿದಿದೆ ಅಮ್ಮಾ. ಹೊಸದು ತಗೊಳ್ಳಿ."

"ಒಳಗಿರೋದು?"

"ಅದಕ್ಕೆ ನಾವು ಜವಾಬ್ದಾರರಲ್ಲ."

"ಒಂದ್ಸಲ ಬಿಚ್ಚಿ ನೋಡಪ್ಪಾ, ನಿನ್ನ ಗಂಟೇನು ಹೋಗುತ್ತೆ?"

ಅವನು ನಕ್ಕ. ನಗಬಾರದಿತ್ತು.

ಮರುದಿನ ಶೋರೂಮ್ ಬಾಗಿಲು ತೆರೆಯುವಾಗಲೇ ಅತ್ತೆ ಹಾಜರು. ಹೊಸ ಲ್ಯಾಪ್‌ಟಾಪ್‌ಗಳ ಸಾಲನ್ನು ಅತ್ತಿತ್ತ ಸರಿಸಿ, ನಡುವೆ ತನ್ನದನ್ನು ತೆರೆದಿಟ್ಟು, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಅಂಗಿಗೆ ಗುಂಡಿ ಹಚ್ಚುತ್ತ ಕೂತಳು. ನಾನೂ ಹೋಗಿದ್ದೆ, ಇಂಥದ್ದನ್ನು ತಪ್ಪಿಸಿಕೊಳ್ಳಲು ನನಗೇನು ಹುಚ್ಚೇ?

ಕೊಳ್ಳಲು ಬಂದವನೊಬ್ಬ ಅದನ್ನು ಒತ್ತಿ ನೋಡಿದ. "ಇದ್ಯಾಕೆ ಆನ್ ಆಗ್ತಿಲ್ಲ?"

"ಪಕ್ಕದಲ್ಲಿದೆಯಲ್ಲ, ಅದರ ಅಣ್ಣ ಇದು," ಎಂದಳು ಅತ್ತೆ, ಹಲ್ಲಲ್ಲಿ ದಾರ ಕಡಿಯುತ್ತ. "ವಾರಂಟಿ ಮುಗೀತು, ಇದರ ಕತೆನೂ ಮುಗೀತು. ಇವರು ಬಿಚ್ಚಿನೂ ನೋಡಲ್ಲ. ನೀವು ತಗೊಳ್ಳಿ, ಪರವಾಗಿಲ್ಲ."

ಅವನು ತೆಗೆದುಕೊಳ್ಳಲಿಲ್ಲ. ಅವನ ಹಿಂದಿದ್ದ ಗಂಡ ಹೆಂಡತಿಯೂ ಮುಖ ಮುಖ ನೋಡಿಕೊಂಡು ಹೊರನಡೆದರು. ಮ್ಯಾನೇಜರ್ ಬೇಡಿಕೊಂಡ, ಗದರಿದ, ಕೊನೆಗೆ ಕಾವಲುಗಾರನನ್ನು ಕರೆದ. ಕಾವಲುಗಾರನ ಇಳಿದ ಭುಜಕ್ಕೆ ಅಂಗಿ ಹೊಲಿದುಕೊಟ್ಟವಳು ಅತ್ತೆಯೇ. ಅವನು ಬಾಗಿಲ ಕಡೆ ತಿರುಗಿ ನಿಂತುಬಿಟ್ಟ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅತ್ತೆ ದಿನಾ ಹೀಗೆ ಬಂದು ಕೂತು ವಾರ ಕಳೆಯುವಷ್ಟರಲ್ಲಿ ಮ್ಯಾನೇಜರನ ಮುಖ ಇಂಗು ತಿಂದ ಮಂಗನಂತಾಗಿತ್ತು. ಕೊನೆಗೆ ತಾನೇ ಸ್ಕ್ರೂ ಬಿಚ್ಚಿದ. ಒಳಗೆ ಬೋರ್ಡು ಸುಟ್ಟಿತ್ತು, ಮಾದರಿಗಳಿದ್ದ ಡಿಸ್ಕಿಗೆ ಏನೂ ಆಗಿರಲಿಲ್ಲ. ಎಲ್ಲವೂ ಅತ್ತೆಯ ಕೈಗೆ ಬಂತು. ಮುದುಕನನ್ನು ಎಬ್ಬಿಸದೆಯೇ ಹೊಲಿದ ಕೋಟು ಅವನ ಬೆನ್ನಿಗೆ ಸರಿಯಾಗಿ ಕೂತಿತು. ಅವನು ಅತ್ತೆಯ ಕೈಯನ್ನು ಕಣ್ಣಿಗೊತ್ತಿಕೊಂಡು ಅತ್ತ.

ಮರುದಿನ ಬೆಳಿಗ್ಗೆ ನೋಡಿದರೆ, ಅತ್ತೆ ಸತ್ತ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಿದ್ದಳು.

"ಮತ್ತೆ ಅಲ್ಲಿಗಾ? ಬೇಕಾದ್ದೆಲ್ಲ ಸಿಕ್ತಲ್ಲ ಅತ್ತೆ?"

"ಸಿಕ್ತು. ಒಂದು ಗುಂಡಿ ಹಚ್ಚೋಷ್ಟು ಹೊತ್ತಲ್ಲಿ ಬಿಚ್ಚಿದ ಕಣೇ ಅವನು. ಅಷ್ಟು ಮಾಡೋಕಾಗದೆ ಆ ಮುದುಕ ದಿನಾ ಹೆದರ್ಕೊಂಡು ಫೋನ್ ಮಾಡೋ ಹಾಗೆ ಮಾಡಿದ. ನಡಿ, ಶೋರೂಮ್ ತೆಗೆಯೋ ಹೊತ್ತಾಯ್ತು."